ಮೂರು ಬಿಟ್‌ಗಳ ಸೇಡು

ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳಬೇಕೆಂಬ ಆಸೆಯೂ ಇಲ್ಲ.

ರಾಯಚೂರಿನಲ್ಲಿ ನಾನು ಎಂಜಿನಿಯರಿಂಗ್ ಓದುವಾಗ ಅವರು ನಮ್ಮ ಉಪನ್ಯಾಸಕರು, ಕೊನೆಯ ವರ್ಷ ನನ್ನ ಪ್ರಾಜೆಕ್ಟಿಗೆ ಗೈಡ್. ಪಾಠ ಚೆನ್ನಾಗಿ ಮಾಡುತ್ತಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಎದುರಿಗಿದ್ದವರ ಮಾತನ್ನು ಕೊನೆಯವರೆಗೆ ಕೇಳಿಸಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಅರ್ಧಕ್ಕೇ ತಲೆಯಾಡಿಸಿ, ಉಳಿದರ್ಧವನ್ನು ತಾವೇ ಹೇಳಿ, ಅದನ್ನು ತಮ್ಮದೇ ಮಾತೆಂದು ನಂಬಿಬಿಡುತ್ತಿದ್ದರು. ನನ್ನ ವಿಷಯದಲ್ಲೂ ಆದದ್ದು ಅದೇ, ಸ್ವಲ್ಪ ದೊಡ್ಡ ಮಟ್ಟದಲ್ಲಿ.

ನಮ್ಮೂರು ದೇವದುರ್ಗದ ಕಡೆಯ ಅರಕೇರಾ. ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋಗುವವರು. ನಾನು ದೇವದುರ್ಗದಲ್ಲಿ ಪಿಯುಸಿ ಮುಗಿಸುವವರೆಗೆ ಇಂಗ್ಲಿಷನ್ನು ಪರೀಕ್ಷೆಯ ಹಾಳೆಯ ಮೇಲೆ ಬಿಟ್ಟರೆ ಎಲ್ಲೂ ಬಳಸಿದವಳಲ್ಲ. ರಾಯಚೂರಿಗೆ ಬಂದಾಗ ಉಳಿದದ್ದು ಅವ್ವನ ತಂಗಿಯ ಮನೆಯಲ್ಲಿ. ಚಿಗವ್ವ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನಮ್ಮ ಮನೆತನದಲ್ಲಿ ಮೊದಲು ಸಂಬಳದ ಕೆಲಸ ಹಿಡಿದವಳು, ಮದುವೆಯ ಮಾತೆತ್ತಿದವರನ್ನೆಲ್ಲ ಬಾಗಿಲಿಂದಲೇ ಕಳಿಸಿದವಳು.

ಮೊದಲ ವರ್ಷ ಪ್ರೋಗ್ರಾಮಿಂಗ್ ತರಗತಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದ ನಾವೆಲ್ಲ ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡುತ್ತಿದ್ದೆವು. ಒಂದು ಚುಕ್ಕೆ ತಪ್ಪಿದರೂ ಎಲ್ಲಿ ತಪ್ಪಿತೆಂದು ತಿಳಿಯುತ್ತಿರಲಿಲ್ಲ, ಏಕೆಂದರೆ ಬರೆದದ್ದರ ಅರ್ಥವೇ ಗೊತ್ತಿರಲಿಲ್ಲ. ಆಗಲೇ ನನ್ನ ತಲೆಗೆ ಬಂದದ್ದು: ‘ಇದ್ದರೆ’, ‘ಇಲ್ಲವಾದರೆ’, ‘ಆಗುವ ತನಕ’ ಎಂಬ ನಮ್ಮ ಮಾತುಗಳಲ್ಲೇ ಪ್ರೋಗ್ರಾಂ ಬರೆಯುವಂತಿದ್ದರೆ ಹೇಗೆ? ಕೊನೆಯ ವರ್ಷ ಅದನ್ನೇ ಪ್ರಾಜೆಕ್ಟ್ ಮಾಡಿದೆ. ಒಂದು ಪುಟ್ಟ ಭಾಷೆ, ಮತ್ತು ಆ ಭಾಷೆಯಲ್ಲಿ ಬರೆದದ್ದನ್ನು ಸಾಲು ಸಾಲಾಗಿ ಓದಿ ಕೂಡಲೇ ಮಾಡಿ ತೋರಿಸುವ ಇಂಟರ್‌ಪ್ರಿಟರ್.

ಗೈಡ್ ಮೊದಲು ಮೂಗು ಮುರಿದರು. ಎರಡು ತಿಂಗಳಾದ ಮೇಲೆ ಕನ್ನಡದಲ್ಲಿ ಬರೆದ ಪ್ರೋಗ್ರಾಂ ಪರದೆಯ ಮೇಲೆ ಓಡಿದ್ದನ್ನು ನೋಡಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಅಂದಿನಿಂದ ‘ನಿನ್ನ ಪ್ರಾಜೆಕ್ಟ್’ ಎನ್ನುವುದನ್ನು ಬಿಟ್ಟು ‘ನಮ್ಮ ಪ್ರಾಜೆಕ್ಟ್’ ಎನ್ನತೊಡಗಿದರು. ಪೆದ್ದಿ ನಾನು, ಅದಕ್ಕೆ ಸಂತೋಷಪಟ್ಟೆ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ದಶಮಾಂಶದ ಸಂಖ್ಯೆಗಳು. ಇಂಟರ್‌ಪ್ರಿಟರ್ ಒಳಗೆ ಪ್ರತಿಯೊಂದು ಬೆಲೆಯನ್ನೂ ಒಂದೇ ಅಳತೆಯ ಖಾನೆಯಲ್ಲಿ ಇಡಬೇಕಾಗುತ್ತದೆ. ಅದು ಸಂಖ್ಯೆಯಾಗಿರಬಹುದು, ಬರಹವಾಗಿರಬಹುದು, ಹೌದು-ಅಲ್ಲ ಎಂಬ ಉತ್ತರವಾಗಿರಬಹುದು. ಖಾನೆಯಲ್ಲಿರುವುದು ಇವುಗಳಲ್ಲಿ ಯಾವುದು ಎಂಬ ಗುರುತೂ ಖಾನೆಯಲ್ಲೇ ಇರಬೇಕು. ನನ್ನ ಖಾನೆಯಲ್ಲಿದ್ದದ್ದು ಅರವತ್ನಾಲ್ಕು ಬಿಟ್, ಅಂದರೆ ಒಂದು ಅಥವಾ ಸೊನ್ನೆ ಕೂರುವ ಅರವತ್ನಾಲ್ಕು ಜಾಗ. ದಶಮಾಂಶದ ಸಂಖ್ಯೆಯನ್ನು ಕಂಪ್ಯೂಟರು ಫ್ಲೋಟಿಂಗ್ ಪಾಯಿಂಟ್ ಪದ್ಧತಿಯಲ್ಲಿ ಇಡುವಾಗ ಆ ಅರವತ್ನಾಲ್ಕನ್ನೂ ಅದೇ ತುಂಬಿಕೊಳ್ಳುತ್ತದೆ. ಗುರುತಿಗೆ ಜಾಗ ಉಳಿಯುವುದಿಲ್ಲ.

ಮೊದಲು ನಾನು ಸಂಖ್ಯೆಗಳನ್ನೆಲ್ಲ ಮೆಮೊರಿಯಲ್ಲಿ ಬೇರೆ ಕಡೆ ಇಟ್ಟು, ಖಾನೆಯಲ್ಲಿ ಅವುಗಳ ವಿಳಾಸ ಮಾತ್ರ ಇಟ್ಟೆ. ಉತ್ತರ ಸರಿಯಾಗಿ ಬರುತ್ತಿತ್ತು, ಆದರೆ ನಿಧಾನ. ಗೈಡ್ ಗಡಿಯಾರ ನೋಡುತ್ತ ಬೇಸರಪಟ್ಟರು.

“ಇಷ್ಟು ತಡಾ ಆದ್ರ ಯಾರೂ ಮೆಚ್ಚೂದಿಲ್ಲ. ಏನರ ಮಾಡಿ ಜೋರ್ ಓಡಂಗ ಮಾಡು.”

“ಸಂಖ್ಯಾದ ಬಾಲದಾಗಿನ ಮೂರು ಬಿಟ್ ಕತ್ತರಿಸಿ ಅಲ್ಲಿ ಗುರುತು ಇಡಬಹುದು ಸರ್. ಜೋರ್ ಓಡ್ತದ. ಆದ್ರ ಉತ್ತರ ತಪ್ತಾವ.”

“ಎಲ್ಲಾ ತಪ್ತಾವೇನು?”

“ಅರ್ಧ, ಕಾಲು ಇಂಥವು ಸರಿ ಬರ್ತಾವ್ರಿ. ಪಾಯಿಂಟ್ ಒಂದು ಅನ್ನೂದು ಕಂಪ್ಯೂಟರ್‌ನಾಗ ಮೊದಲಾ ಪೂರಾ ಕೂಡೂದಿಲ್ಲ. ಅದರ ಬಾಲಾನೂ ತಗದ್ರ ಕೆಡ್ತದ.”

“ಹಂಗಾರ ಅರ್ಧ, ಕಾಲು ತೋರಿಸು. ಮುಗೀತಲ್ಲ? ಬಾಲ ಯಾರು ನೋಡ್ತಾರ?”

ಅವರ ಮಾತಿನಂತೆ ಕತ್ತರಿಸಿದೆ. ಪ್ರದರ್ಶನಕ್ಕೆಂದು ಬರೆದ ಮಾದರಿ ಪ್ರೋಗ್ರಾಂಗಳಲ್ಲಿ ಅರ್ಧ, ಕಾಲು, ಮುಕ್ಕಾಲುಗಳನ್ನೇ ಹಾಕಿದೆ. ಇದು ಈಗಿನ ಮಟ್ಟಿಗೆ ಮಾತ್ರ, ಆಮೇಲೆ ಸರಿ ಮಾಡಬೇಕು ಎಂದು ಅವರಿಗೆ ಮತ್ತೆ ಹೇಳಿದೆ. ಅವರು ಎಂದಿನಂತೆ ಅರ್ಧಕ್ಕೇ ತಲೆಯಾಡಿಸಿದರು.

ಪರೀಕ್ಷೆಯ ದಿನ ಹೊರಗಿನ ಊರಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ವಯಸ್ಸಾದವರು, ಒಳ್ಳೆಯ ಪ್ರಶ್ನೆ ಕೇಳುವವರು. ನನ್ನ ಭಾಷೆ ಓಡುವುದನ್ನು ನೋಡಿ ಕನ್ನಡಕ ಸರಿಪಡಿಸಿಕೊಂಡು, “ದಶಮಾಂಶ ಸಂಖ್ಯೆಗಳನ್ನ ಒಳಗ ಹೆಂಗ ಇಟ್ಟೀರಿ?” ಎಂದರು. ಇಡೀ ಕಾಲೇಜಿನಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ವಿಷಯವೆಂದರೆ ಅದೊಂದೇ. ನಾನು ಬಾಯಿ ತೆರೆಯುವಷ್ಟರಲ್ಲಿ ಗೈಡ್ ನಕ್ಕರು.

“ಅದು ಅಕಿಗಿ ಗೊತ್ತಿರೂದಿಲ್ಲ ಬಿಡ್ರಿ ಸರ್. ಒಳಗಿಂದೆಲ್ಲಾ ನಾ ಬರ್ದದ್ದು. ಅಕಿ ಟೈಪ್ ಮಾಡ್ಯಾಳ.”

“ಇಲ್ರಿ ಸರ್,” ಎಂದೆ. “ಪೂರಾ ನಾನಾ ಬರ್ದೀನಿ.”

ಗೈಡ್ ನನ್ನ ಕಡೆ ನೋಡಲೇ ಇಲ್ಲ. ಪರೀಕ್ಷಕರ ಕಡೆ ಬಾಗಿ, ಆದರೆ ಲ್ಯಾಬಿನಲ್ಲಿ ಸರದಿಗೆ ಕಾದಿದ್ದ ನನ್ನ ಸಹಪಾಠಿಗಳಿಗೆಲ್ಲ ಕೇಳುವಂತೆ ಹೇಳಿದರು: “ನೀವಾ ಹೇಳ್ರಿ. ಇಂಥಾ ಕೆಲಸ ಇವರ ಕೈಲೆ ಆಗೂದೇನು?”

ಇವರ ಕೈಲೆ. ನಾನೊಬ್ಬಳೇ ನಿಂತಿದ್ದೆ, ಆದರೂ ‘ಇವರ’. ಆ ಮಾತಿನಲ್ಲಿ ನಮ್ಮಪ್ಪ ಇದ್ದ, ಅವ್ವ ಇದ್ದಳು, ಅರಕೇರಾದ ನಮ್ಮ ಓಣಿ ಇಡಿಯಾಗಿ ಇತ್ತು. ಹಿಂದೆ ಯಾರೋ ಕಿಸಕ್ಕೆಂದರು. ಪರೀಕ್ಷಕರು ಮುಖ ತಗ್ಗಿಸಿ ಅಂಕ ಬರೆದು, ಮುಂದಿನವರನ್ನು ಕರೆಯಿರಿ ಎಂದರು. ನಾನು ಪಾಸಾದೆ, ಪಾಸಾಗುವಷ್ಟೇ.

ಆ ಸಂಜೆ ಚಿಗವ್ವ ಕೆಲಸ ಮುಗಿಸಿ ಬಂದವಳು ಯೂನಿಫಾರ್ಮ್ ಕೂಡ ಬಿಚ್ಚದೆ ನನ್ನ ಮುಂದೆ ಕೂತಳು. ನಡೆದದ್ದನ್ನೆಲ್ಲ ಕೇಳಿದಳು.

“ಅವನ ಮುಂದ ಅತ್ತೇನು?”

“ಇಲ್ಲ.”

“ಶಾಣ್ಯಾಕಿ. ಈಗ ಅಳು. ಅತ್ತು ಮುಗಿಸಿ ಊಟಾ ಮಾಡು. ಆದ್ರ ಮರೀಬ್ಯಾಡ ಮತ್ತ. ದೊಡ್ಡವರು, ಕಲಿಸಿದವರು ಅಂತ ನಾಳಿ ಮಂದಿ ಹೇಳಾಕ ಬರ್ತಾರ. ಅವರ ಮಾತು ಕೇಳಿದಿ ಅಂದ್ರ ಈ ಮನಿಗಿ ಬರಬ್ಯಾಡ.”

ಮಂದಿ ಬಂದರು, ಹಾಗೆಯೇ ಹೇಳಿದರು. ಪ್ರಿನ್ಸಿಪಾಲರ ಬಳಿ ದೂರು ಹೇಳಲು ಹೋದಾಗ ಅವರು ನನಗೆ ಚಹಾ ತರಿಸಿಕೊಟ್ಟು, “ಮುಂದ ನೌಕರಿಗಿ ಹೋಗಾಕಿ ನೀನು, ಗುರುಗಳ ಮ್ಯಾಲ ಕೇಸು ಮಾಡಿದಾಕಿ ಅಂತ ಹೆಸರು ಬ್ಯಾಡ” ಎಂದರು. ಚಹಾ ಕುಡಿಯದೆ ಎದ್ದುಬಂದೆ.

ಮರುವರ್ಷ ಚಿಗವ್ವ ಆಸ್ಪತ್ರೆಯಿಂದ ಪತ್ರಿಕೆಯೊಂದನ್ನು ಹಿಡಿದುಕೊಂಡು ಬಂದಳು. “ನಿಮ್ಮ ಕಳ್ಳ ಪೇಪರ್‌ನಾಗ ಬಂದಾನ ನೋಡು” ಎಂದು ನನ್ನ ಮಡಿಲಿಗೆ ಎಸೆದಳು. ಕನ್ನಡದಲ್ಲಿ ಪ್ರೋಗ್ರಾಂ ಬರೆಯುವ ಭಾಷೆಯನ್ನು ಸೃಷ್ಟಿಸಿದ ಉಪನ್ಯಾಸಕರ ಬಗ್ಗೆ ಅರ್ಧ ಪುಟದ ಬರಹ. ಭಾಷೆಗೆ ನಾನಿಟ್ಟ ಹೆಸರನ್ನೂ ಬದಲಿಸಿದ್ದರು. ಗ್ರಾಮೀಣ ವಿದ್ಯಾರ್ಥಿಗಳ ಕಷ್ಟ ನೋಡಿ ಮನಸ್ಸು ಕರಗಿತು ಎಂದು ಹೇಳಿಕೊಂಡಿದ್ದರು. ನನ್ನ ಕಷ್ಟವನ್ನೂ ಅವರೇ ಎತ್ತಿಕೊಂಡಿದ್ದರು, ಕೆಲಸದ ಜೊತೆಗೆ.

ಆ ಭಾಷೆಯನ್ನು ಯಾರು ಬೇಕಾದರೂ ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬಹುದು ಎಂದು ಬರೆದಿತ್ತು. ಇಳಿಸಿಕೊಂಡೆ. ಮಾದರಿ ಪ್ರೋಗ್ರಾಂಗಳು ನನ್ನವೇ, ಅದೇ ಅರ್ಧ, ಅದೇ ಕಾಲು. ನಾನು ಪಾಯಿಂಟ್ ಒಂದನ್ನು ಹತ್ತರಿಂದ ಗುಣಿಸಿ, ಬಂದದ್ದರ ಪೂರ್ಣಾಂಕ ತೋರಿಸು ಎಂದು ಟೈಪ್ ಮಾಡಿದೆ. ಬೇರೆ ಯಾವ ಭಾಷೆಯಾದರೂ ಒಂದು ಎನ್ನುತ್ತದೆ. ಪರದೆಯ ಮೇಲೆ ಬಂದದ್ದು ಸೊನ್ನೆ. ಬಾಲ ಕತ್ತರಿಸಿದ ಸಂಖ್ಯೆ ಹತ್ತು ಪಟ್ಟಾದರೂ ಒಂದಕ್ಕೆ ಕೂದಲೆಳೆಯಷ್ಟು ಕಡಿಮೆಯೇ ಉಳಿದಿತ್ತು, ಪೂರ್ಣಾಂಕ ಕೇಳಿದಾಗ ಇಡೀ ಒಂದೇ ಹೋಗಿಬಿಟ್ಟಿತ್ತು. ಅವರು ಏನನ್ನೂ ಸರಿಪಡಿಸಿರಲಿಲ್ಲ. ಸರಿಪಡಿಸಬೇಕಾದದ್ದು ಇದೆ ಎಂಬುದೇ ಅವರಿಗೆ ನೆನಪಿರಲಿಲ್ಲ.

ಆ ಸೊನ್ನೆಯನ್ನು ನೋಡಿ ನಾನು ನಕ್ಕೆ. ಯಾರಿಗೂ ಹೇಳಲಿಲ್ಲ, ಚಿಗವ್ವನೊಬ್ಬಳನ್ನು ಬಿಟ್ಟು. ಆಕೆಗೆ ಈ ಬಿಟ್‌ಗಳ ಗೊಡವೆಯಿಲ್ಲ. ಆದರೆ ಅವರ ಹತ್ತಿರ ಇರುವುದು ಕೆಟ್ಟ ಮಾಲು, ಅದು ಅವರಿಗೇ ಗೊತ್ತಿಲ್ಲ ಎಂಬುದು ತಕ್ಷಣ ಅರ್ಥವಾಯಿತು.

“ಈಗ ಬಾಯಿ ಬಿಡಬ್ಯಾಡ,” ಎಂದಳು. “ಇನ್ನಾ ಸ್ವಲ್ಪ ಮ್ಯಾಲ ಏರಲಿ.”

ಅಷ್ಟರಲ್ಲಿ ನನಗೆ ಮಾನ್ವಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಅಲ್ಲಿ ಕೋಣೆ ಬಾಡಿಗೆ ಹಿಡಿದೆ, ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ರಾಯಚೂರಿಗೆ ಬರುತ್ತಿದ್ದೆ. ತರಗತಿ ಮುಗಿದ ಮೇಲೆ ಲ್ಯಾಬಿನಲ್ಲಿ ಕೂತು ನನ್ನ ಭಾಷೆಯನ್ನು ಮೊದಲಿನಿಂದ ಬರೆಯತೊಡಗಿದೆ. ಹಳೆಯದರ ಒಂದು ಸಾಲನ್ನೂ ಮುಟ್ಟಲಿಲ್ಲ, ಅದಕ್ಕೆ ಅವರ ಕೈ ಹತ್ತಿತ್ತು.

ಈ ಸಲ ಸಂಖ್ಯೆಗಳಿಗೆ ಬೇರೆ ದಾರಿ ಹಿಡಿದೆ. ಫ್ಲೋಟಿಂಗ್ ಪಾಯಿಂಟ್ ಪದ್ಧತಿಯಲ್ಲಿ ‘ಇದು ಸಂಖ್ಯೆಯಲ್ಲ’ ಎಂದು ಹೇಳುವುದಕ್ಕೂ ಒಂದು ಏರ್ಪಾಡಿದೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದೇ ಉತ್ತರ ಬರುತ್ತದೆ. ಹಾಗೆ ಹೇಳಲು ಒಂದೇ ಒಂದು ಬಿಟ್‌ ಜೋಡಣೆ ಸಾಕು, ಆದರೆ ಪದ್ಧತಿ ರೂಪಿಸಿದವರು ಅದಕ್ಕಾಗಿ ಎಣಿಸಲಾರದಷ್ಟು ಜೋಡಣೆಗಳನ್ನು ಬಿಟ್ಟಿದ್ದಾರೆ. ಆ ಬಯಲೆಲ್ಲ ಖಾಲಿ. ಬರಹ, ಪಟ್ಟಿ, ಹೌದು-ಅಲ್ಲ, ಎಲ್ಲದರ ಗುರುತನ್ನೂ ಅಲ್ಲಿ ಇಡಬಹುದು. ನಿಜವಾದ ಸಂಖ್ಯೆಯ ಒಂದು ಬಿಟ್ಟನ್ನೂ ಕತ್ತರಿಸಬೇಕಿಲ್ಲ, ವೇಗವೂ ಹೋಗುವುದಿಲ್ಲ. ಇದು ನಾನು ಕಂಡುಹಿಡಿದ ಉಪಾಯವಲ್ಲ. ಜಗತ್ತಿನ ದೊಡ್ಡ ಭಾಷೆಗಳ ಇಂಟರ್‌ಪ್ರಿಟರ್‌ಗಳಲ್ಲಿ ಬಳಕೆಯಲ್ಲಿರುವುದೇ. ನಾನು ಓದಿ ಕಲಿತೆ. ಗೈಡ್ ಓದಿದ್ದರೆ ಅವರೂ ಕಲಿಯಬಹುದಿತ್ತು.

ದಣಿದ ಸಂಜೆಗಳಲ್ಲಿ ಕೈ ನಿಧಾನವಾದಾಗ ಲ್ಯಾಬಿನ ಆ ನಗು ನೆನಪಿಸಿಕೊಳ್ಳುತ್ತಿದ್ದೆ. ಬೆರಳುಗಳು ತಾವಾಗಿಯೇ ಓಡುತ್ತಿದ್ದವು. ಸಿಟ್ಟಿನಿಂದ ಒಳ್ಳೆಯ ಕೆಲಸವಾಗುವುದಿಲ್ಲ ಎನ್ನುವವರು ನನ್ನ ಪ್ರೋಗ್ರಾಂ ಓದಲಿ. ಅಷ್ಟು ಚೊಕ್ಕವಾಗಿ ನಾನು ಬೇರೇನನ್ನೂ ಬರೆದಿಲ್ಲ.

ಅವರು ನಿಜಕ್ಕೂ ಮೇಲೇರಿದರು. ಕಾಲೇಜಿನಿಂದ ಕಾಲೇಜಿಗೆ ಕಾರ್ಯಾಗಾರ, ಹಾರ, ಶಾಲು. ಇನ್ನೇನು ವಿಭಾಗದ ಮುಖ್ಯಸ್ಥರಾಗುತ್ತಾರೆ ಎಂಬ ಸುದ್ದಿಯಿತ್ತು. ಹೋದ ವರ್ಷ ನಮ್ಮ ಪ್ರಿನ್ಸಿಪಾಲರು ನನ್ನನ್ನು ಕರೆದು, ಮಾನ್ವಿಗೂ ಅವರನ್ನು ಕರೆಸುತ್ತಿದ್ದೇವೆ, ಶಾಲು ಹೊದಿಸಿ ಪರಿಚಯ ಮಾಡಿಕೊಡುವ ಕೆಲಸ ನಿನ್ನದು ಎಂದರು. ಅವರ ವಿದ್ಯಾರ್ಥಿನಿ ಎಂದು ನನ್ನನ್ನೇ ಆರಿಸಿದ್ದರು. “ಆಗ್ಲಿ ಸರ್” ಎಂದೆ. ಪ್ರಿನ್ಸಿಪಾಲರಿಗೆ ನನ್ನ ಉತ್ಸಾಹ ನೋಡಿ ಖುಷಿಯಾಯಿತು.

ಕಾರ್ಯಾಗಾರದ ಹಿಂದಿನ ಭಾನುವಾರ ಚಿಗವ್ವ ರೊಟ್ಟಿ ಬಡಿಯುತ್ತ ಕೇಳಿದಳು: “ಏನ್ ಮಾಡಾಕಿ?”

“ಎಲ್ಲಾರ ಮುಂದ ಕಳ್ಳ ಅಂತೀನಿ.”

“ಹುಚ್ಚಿ. ನೀ ಕಳ್ಳ ಅಂದ್ರ ಅವ ಸುಳ್ಳು ಅಂತಾನ. ಮಂದಿ ಅವನ ಮಾತು ನಂಬ್ತಾರ. ಅವನ ಬಾಯಿಂದಾನ ಬರಬೇಕು. ಪ್ರಶ್ನಿ ಕೇಳು, ಜಗಳಾ ಮಾಡಬ್ಯಾಡ.”

ಆ ವಾರವೆಲ್ಲ ನಾನು ಅವರ ಜಾಗದಲ್ಲಿ ನಿಂತು ಯೋಚಿಸಿದೆ. ತಪ್ಪು ಕಣ್ಣೆದುರಿಗೆ ಬಂದಾಗ ಅವರು ಏನು ಹೇಳಬಹುದು? ಮೊದಲು ಕಂಪ್ಯೂಟರಿನ ಮೇಲೆ ಹಾಕುತ್ತಾರೆ. ಅದು ನಡೆಯದಿದ್ದರೆ? ಆ ಮನುಷ್ಯ ತನ್ನ ಮೇಲೆ ತಪ್ಪು ಹೊತ್ತುಕೊಂಡದ್ದನ್ನು ನಾನು ಕಂಡಿರಲಿಲ್ಲ. ಹಾಗಾದರೆ ಇನ್ನೊಬ್ಬರು ಬೇಕಾಗುತ್ತಾರೆ. ಅಲ್ಲಿಗೆ ಬಂದಾಗ ನನಗೆ ಎಲ್ಲ ಸ್ಪಷ್ಟವಾಯಿತು.

ಕಾರ್ಯಾಗಾರದ ದಿನ ಲ್ಯಾಬು ತುಂಬಿತ್ತು. ಶಾಲು ಹೊದಿಸಿದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, “ಇಕಿ ನಮ್ಮ ಹುಡುಗೀನಾ. ಎಲ್ಲಾ ನಾವಾ ಕಲಿಸಿದ್ದು” ಎಂದು ಸಭೆಗೆ ಹೇಳಿದರು. ಆಮೇಲೆ ದೊಡ್ಡ ಪರದೆಯ ಮೇಲೆ ನನ್ನ ಅರ್ಧ, ಕಾಲುಗಳ ಮಾದರಿಗಳನ್ನು ಒಂದೊಂದಾಗಿ ಓಡಿಸಿದರು. ಚಪ್ಪಾಳೆಯಾಯಿತು. ಪ್ರಶ್ನೆಗಳಿದ್ದರೆ ಕೇಳಿ ಎಂದರು.

ನಾನು ಎದ್ದೆ. “ಸರ್, ಪಾಯಿಂಟ್ ಒಂದಕ್ಕ ಹತ್ತು ಗುಣಿಸಿ ಪೂರ್ಣಾಂಕ ತಗದು ತೋರಿಸ್ತೀರೇನ್ರಿ? ನಮ್ಮ ಹುಡುಗೀರು ಕೇಳಾಕತ್ತಿದ್ರು.”

ಟೈಪ್ ಮಾಡಿದರು. ಸೊನ್ನೆ. ಕೈ ತಪ್ಪಿತೇನೋ ಎಂಬಂತೆ ಮತ್ತೆ ಟೈಪ್ ಮಾಡಿದರು. ಮತ್ತೆ ಸೊನ್ನೆ. ಮುಂದಿನ ಸಾಲಿನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇದು ಎಲ್ಲಾ ಕಂಪ್ಯೂಟರ್‌ನಾಗೂ ಹಿಂಗಾ,” ಎಂದು ನಕ್ಕರು. “ದಶಮಾಂಶ ಅಂದಮ್ಯಾಲ ಸಣ್ಣಪುಟ್ಟ ತಪ್ಪು ಇರ್ತಾವ. ಯಾವ ಭಾಷಾದಾಗ ಮಾಡಿದ್ರೂ ಇದಾ ಬರ್ತದ.”

“ಅದಾ ಕಂಪ್ಯೂಟರ್‌ನಾಗ ಬ್ಯಾರೆ ಭಾಷಾ ಅದಾವಲ್ರಿ. ನೋಡೂಣೇನ್ರಿ?”

ಪ್ರಿನ್ಸಿಪಾಲರೇ ನೋಡೋಣ ಎಂದರು. ಲ್ಯಾಬಿನಲ್ಲಿ ನಾವು ಕಲಿಸುವ ಎರಡು ಭಾಷೆಗಳಲ್ಲಿ ಅದೇ ಲೆಕ್ಕವನ್ನು ಓಡಿಸಿದೆವು. ಒಂದು. ಒಂದು. ಅವರ ಹಣೆಯ ಮೇಲೆ ಬೆವರು ಕಾಣಿಸಿತು. ಶಾಲು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರು.

“ಸಂಖ್ಯಾ ಒಳಗ ಹೆಂಗ ಇಟ್ಟೀರಿ ಸರ್?” ಎಂದು ಕೇಳಿದೆ. ಅಂದಿನ ಪರೀಕ್ಷಕರ ಮಾತನ್ನೇ, ಅಷ್ಟೇ ಮೆತ್ತಗೆ. “ಎಷ್ಟು ಬಿಟ್ ಕತ್ತರಿಸೀರಿ? ಯಾಕ?”

ಅವರು ಪ್ರೋಗ್ರಾಂ ತೆರೆದರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಳೆದರು. ಹುಡುಕುತ್ತಿರುವುದು ಎಲ್ಲಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾಲ್ಕು ಸಲ ಆ ಸಾಲಿನ ಮೇಲೆ ಹಾದುಹೋದರು, ನಾನು ಸುಮ್ಮನೆ ನೋಡುತ್ತ ನಿಂತೆ. ಆ ಕೆಲವು ನಿಮಿಷಗಳಷ್ಟು ಸುಖವನ್ನು ನನಗೆ ಯಾವ ಹಬ್ಬವೂ ಕೊಟ್ಟಿಲ್ಲ.

ಕೊನೆಗೆ ಅವರು ನನ್ನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು.

“ಏಯ್, ಇದು ನೀನಾ ಬರ್ದದ್ದಲ್ಲೇನು? ಅವತ್ತಾ ತಪ್ಪು ಮಾಡಿ ಇಟ್ಟೀಯಲ್ಲ, ಈಗ ನನ್ನ ಕೇಳಾಕತ್ತಿ?” ಮತ್ತೆ ಪ್ರಿನ್ಸಿಪಾಲರಿಗೆ: “ಒಳಗಿಂದೆಲ್ಲಾ ಇಕೀನಾ ಬರ್ದಾಳ್ರಿ. ತಪ್ಪು ಇಕೀದು, ನಂದಲ್ಲ.”

ಹೇಳಿ ಮುಗಿಸಿದ ಮೇಲೆ ತಾವು ಏನು ಹೇಳಿದೆವು ಎಂಬುದು ಅವರ ಕಿವಿಗೇ ಬಿತ್ತು. ಒಂದು ತಪ್ಪನ್ನು ನನ್ನ ತಲೆಗೆ ಕಟ್ಟಲು ಹೋಗಿ, ಕಸಿದುಕೊಂಡದ್ದನ್ನೆಲ್ಲ ಎಲ್ಲರ ಎದುರು ನನ್ನ ಕೈಗೆ ಕೊಟ್ಟುಬಿಟ್ಟಿದ್ದರು.

“ಹೌದ್ರಿ,” ಎಂದೆ. “ಪೂರಾ ನಾನಾ ಬರ್ದೀನಿ. ಸರ್ ಈಗ ಹೇಳಿದ್ರಲ್ಲ, ನೀವೂ ಕೇಳಿದ್ರಿ.”

ಆಮೇಲೆ ಅದೇ ಪರದೆಯ ಮೇಲೆ ನನ್ನ ಹೊಸ ಇಂಟರ್‌ಪ್ರಿಟರ್ ತೆರೆದು ಅದೇ ಲೆಕ್ಕವನ್ನು ಓಡಿಸಿದೆ. ಒಂದು ಬಂತು. ಗುರುತು ಎಲ್ಲಿಟ್ಟಿದ್ದೇನೆ, ಬಾಲ ಯಾಕೆ ಕತ್ತರಿಸಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಅವರು ಅಲ್ಲೇ ಕೂತಿದ್ದರು. ಎದ್ದು ಹೋಗುವಂತಿರಲಿಲ್ಲ, ಕಾರ್ಯಕ್ರಮ ಅವರದೇ. ನಾನು ಬೇಗ ಮುಗಿಸಬಹುದಿತ್ತು. ಮುಗಿಸಲಿಲ್ಲ. ಪ್ರತಿಯೊಂದು ಬಿಟ್ಟನ್ನೂ ಬಿಡಿಸಿ ಹೇಳಿದೆ, ನಡುನಡುವೆ “ಹೌದಲ್ರಿ ಸರ್?” ಎಂದು ಅವರನ್ನು ಕೇಳುತ್ತ. ಅವರು ತಲೆಯಾಡಿಸಲೇಬೇಕಾಯಿತು.

ಊಟಕ್ಕೆ ನಿಲ್ಲದೆ ಹೊರಟರು. ಪ್ರಿನ್ಸಿಪಾಲರು ಕಾರಿನವರೆಗೆ ಬಿಟ್ಟುಬಂದು ನನ್ನನ್ನು ಪಕ್ಕಕ್ಕೆ ಕರೆದರು.

“ಏನವ್ವಾ, ನಮಗ ಮೊದಲಾ ಹೇಳಬಾರದಿತ್ತೇನು?”

“ಹೇಳಿದ್ರ ನೀವು ಅವರನ್ನ ಕರಸ್ತಿರಲಿಲ್ರಿ.”

ಅವರು ನಗು ತಡೆದುಕೊಂಡು ಒಳಗೆ ಹೋದರು.

ಪೋತ್ನಾಳದಿಂದ ಬರುವ ಒಬ್ಬ ವಿದ್ಯಾರ್ಥಿನಿ ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದಳು. ‘ತಪ್ಪು ಇಕೀದು, ನಂದಲ್ಲ’ ಎಂಬ ಮಾತು ಜಿಲ್ಲೆಯ ಎಂಜಿನಿಯರಿಂಗ್ ಹುಡುಗರ ಫೋನುಗಳಲ್ಲೆಲ್ಲ ತಿರುಗಿತು. ಮುಂದಿನ ಕಾರ್ಯಾಗಾರಗಳು ಒಂದೊಂದಾಗಿ ರದ್ದಾದವು. ರಾಯಚೂರಿನ ಕಾಲೇಜಿನಲ್ಲಿ ವಿಚಾರಣೆ ನಡೆಯಿತು, ನನ್ನನ್ನೂ ಕರೆದರು. ಮುಖ್ಯಸ್ಥರ ಹುದ್ದೆ ಇನ್ನೊಬ್ಬರಿಗೆ ಹೋಯಿತು. ನಡುವೆ ಅವರು ಒಬ್ಬ ಸಹೋದ್ಯೋಗಿಯ ಮೂಲಕ ಹೇಳಿ ಕಳಿಸಿದ್ದರು: ಭಾಷೆಗೆ ಇಬ್ಬರ ಹೆಸರೂ ಇರಲಿ, ರಾಜಿಯಾಗೋಣ. ನಾನು ಹೇಳಿ ಕಳಿಸಿದೆ: ಅವರ ಹೆಸರು ತೆಗೆದರೆ ಸಾಕು, ನನ್ನದನ್ನು ನಾನು ಹಾಕಿಕೊಳ್ಳುತ್ತೇನೆ. ಅವರದನ್ನು ಅವರೇ ತೆಗೆಯಬೇಕಾಯಿತು.

ಕಳೆದ ತಿಂಗಳು ಉತ್ತರಪತ್ರಿಕೆ ತಿದ್ದಲು ರಾಯಚೂರಿಗೆ ಹೋಗಿದ್ದೆ. ಮಧ್ಯಾಹ್ನ ನೀರಿನ ನಲ್ಲಿಯ ಬಳಿ ಅವರೇ ಎದುರಾದರು. ಇಳಿದುಹೋಗಿದ್ದರು, ಅಂಗಿಯ ಕಾಲರು ಕುತ್ತಿಗೆಗೆ ಸಡಿಲವಾಗಿತ್ತು.

“ನಿನಗ ಕಲಿಸಿದಾಂವ ನಾ,” ಎಂದರು. “ಅಷ್ಟು ಮಂದಿ ಮುಂದ ಮಾನಾ ಕಳದಿ.”

“ಅವತ್ತು ಲ್ಯಾಬಿನಾಗೂ ಮಂದಿ ಇದ್ರು ಸರ್.”

“ಆತು ಬಿಡು. ನೀ ಗೆದ್ದಿ. ಈಗರ ಸಿಟ್ಟಿಲ್ಲ ಅನ್ನು. ಅಷ್ಟ ಸಾಕು ನನಗ.”

ಹೇಳಿದ್ದರೆ ನನಗೇನೂ ಹೋಗುತ್ತಿರಲಿಲ್ಲ. ಅಕ್ಕಪಕ್ಕದವರು ನಮ್ಮನ್ನೇ ನೋಡುತ್ತಿದ್ದರು, ಹೇಳಿದ್ದರೆ ದೊಡ್ಡ ಮನಸ್ಸಿನವಳು ಎನಿಸಿಕೊಳ್ಳುತ್ತಿದ್ದೆ. ಆದರೆ ಅವರು ಕ್ಷಮೆ ಕೇಳಿರಲಿಲ್ಲ. ‘ಇವರ ಕೈಲೆ’ ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಅದು ಅವರಿಗೆ ನೆನಪಾದರೂ ಇತ್ತೋ ಇಲ್ಲವೋ.

“ಸಿಟ್ಟದ ಸರ್,” ಎಂದೆ. ಬಾಟಲಿಗೆ ನೀರು ತುಂಬಿಕೊಂಡು ಒಳಗೆ ಹೋದೆ.

ಸಂಜೆ ಚಿಗವ್ವನ ಮನೆಗೆ ಹೋಗಿ ಹೇಳಿದೆ. ಆಕೆ ಒಲೆ ಆರಿಸಿ, ಕೈ ಒರೆಸಿಕೊಂಡು, ಗೋಡೆಗೆ ಒರಗಿ ಕೂತು ಕೇಳಿದಳು. ಕಾಲರು ಎಷ್ಟು ಸಡಿಲವಿತ್ತು, ಹೇಳುವಾಗ ಕಣ್ಣು ಎಲ್ಲಿತ್ತು, ನಾನು ಸಿಟ್ಟಿದೆ ಎಂದಾಗ ಮುಖ ಹೇಗಾಯಿತು, ಎಲ್ಲ ಬೇಕಾಗಿತ್ತು ಆಕೆಗೆ. ಹೇಳಿ ಮುಗಿಸಿದೆ.

“ಸಾರು ಆರಾಕತ್ತದ,” ಎಂದೆ.

“ಆರಲಿ ತಗೋ,” ಎಂದಳು ಚಿಗವ್ವ. “ಮತ್ತೊಮ್ಮಿ ಹೇಳು, ನಲ್ಲಿ ಹತ್ರ ಬಂದದ್ದರಿಂದ.”